ಎತ್ತಿನ ಮೇಲಿಟ್ಟ ಕೈ

ನಾನು ಈ ಜೀವನದಲ್ಲಿ ಒಂದೇ ಒಂದು ಸಲ ಪ್ರಮಾಣ ಮಾಡಿದ್ದೇನೆ. ಒಂದು ಎತ್ತಿನ ಮೇಲೆ ಕೈಯಿಟ್ಟು ಮಾಡಿದ ಪ್ರಮಾಣ ಅದು, ಶುದ್ಧ ಸುಳ್ಳು ಪ್ರಮಾಣ. ಮಾಡಿದ ದಿನ ನನಗೆ ಅಳುಕೇನೂ ಇರಲಿಲ್ಲ. ಎತ್ತು ಎಂದರೆ ನನ್ನ ಪಾಲಿಗೆ ನಾಲ್ಕು ಕಾಲಿನ, ಮೆಲುಕು ಹಾಕುವ ಒಂದು ಸಸ್ತನಿ. ಅದರ ಮುಂದೆ ನಿಜ ಹೇಳಿದರೂ ಅಷ್ಟೇ, ಸುಳ್ಳು ಹೇಳಿದರೂ ಅಷ್ಟೇ ಎಂದುಕೊಂಡಿದ್ದೆ. ವಿಜ್ಞಾನದ ಮೇಷ್ಟ್ರಲ್ಲವೇ, ನನಗೆ ಎಲ್ಲವೂ ಗೊತ್ತಿತ್ತು.

ತೊಂಬತ್ತರ ದಶಕದ ನಡುಭಾಗ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ನಾನು ಸೇರಿ ಒಂದೂವರೆ ವರ್ಷವಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆ ಚಳ್ಳಕೆರೆಯಲ್ಲಿ. ಬೆಳಿಗ್ಗೆ ಹೊತ್ತಿಗೆ ಮುಂಚೆ ಬಸ್ಸು ಹಿಡಿದು, ಬಿ.ಜಿ. ಕೆರೆ ದಾಟಿ, ಮುಂದೆ ಇನ್ನೊಂದು ಬಸ್ಸಿಗೆ ಕಾದು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಬಸ್ಸಿನ ಹಿಂದಿನ ಸೀಟು ನಮ್ಮಂಥ ಆರೇಳು ಮೇಷ್ಟ್ರುಗಳ ಖಾಸಾ ಆಸ್ತಿ. ದಾರಿಯುದ್ದಕ್ಕೂ ಸರ್ಕಾರವನ್ನು, ಹೆಡ್‌ಮಾಸ್ತರನ್ನು, ಹಳ್ಳಿಯವರ ಮೌಢ್ಯವನ್ನು ಬಯ್ಯುತ್ತ ಹೋಗುವುದು ನಮ್ಮ ನಿತ್ಯಕರ್ಮ. ಆ ಬಯ್ಯುವಿಕೆಯಲ್ಲಿ ನನ್ನದೇ ದೊಡ್ಡ ಗಂಟಲು.

ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ಸುತ್ತಲಿನ ಹಟ್ಟಿಗಳಿಂದ ಬರುತ್ತಿದ್ದರು. ಮುಳ್ಳುಬೇಲಿಯೊಳಗಿನ ಹಟ್ಟಿ, ಅದರ ಪಕ್ಕದಲ್ಲಿ ಇನ್ನೊಂದು ಮುಳ್ಳುಬೇಲಿಯ ರೊಪ್ಪ, ರೊಪ್ಪದೊಳಗೆ ದೇವರ ಎತ್ತುಗಳು. ಅವಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನೆಯ ಹಿರಿಯರು ಸತ್ತಂತೆಯೇ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಕಿಲಾರಿ ಬರಿಗಾಲಲ್ಲಿ ನಡೆಯಬೇಕು, ಹೆಂಡ ಮುಟ್ಟಬಾರದು, ಸುಳ್ಳು ಆಡಬಾರದು. ಅವನ ಮನೆಯಲ್ಲೂ ಸುಳ್ಳು ಇರಬಾರದು. ಆ ಹಟ್ಟಿಗಳಲ್ಲಿ ಕೋಳಿಯೂ ನಿಷಿದ್ಧ. ಸಾಕುವುದು, ತಿನ್ನುವುದು ಹಾಗಿರಲಿ, ಮೊಟ್ಟೆಯೊಂದು ಹಟ್ಟಿಯ ಬಾಗಿಲು ದಾಟಿ ಒಳಬಂದರೂ ಮೈಲಿಗೆ. ರೊಪ್ಪದೊಳಗೆ ಹೆಂಗಸರು ಕಾಲಿಡುವಂತಿಲ್ಲ. ಇವೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನಲ್ಲಿ ತಮಾಷೆ ಮಾಡಲು ಬೇಕಾದಷ್ಟು ಗೊತ್ತಿತ್ತು.

ಹತ್ತನೇ ತರಗತಿಗೆ ಜೀವವಿಕಾಸದ ಪಾಠ ಬಂತು. ಪುಸ್ತಕದಲ್ಲಿ ಜಿರಾಫೆಯ ಕುತ್ತಿಗೆ, ಕುದುರೆಯ ಗೊರಸು, ಒಂದೆರಡು ಮಸುಕು ಚಿತ್ರ, ಇಷ್ಟೇ ಇದ್ದದ್ದು. ನಮ್ಮ ಮಕ್ಕಳು ಜಿರಾಫೆಯನ್ನು ಕಂಡವರಲ್ಲ, ಕುದುರೆಯನ್ನು ಕಂಡಿದ್ದರೆ ಎಲ್ಲೋ ಮದುವೆಯ ಮೆರವಣಿಗೆಯಲ್ಲಿ. ನಾನು ಪುಸ್ತಕ ಮಡಚಿಟ್ಟು ಕರಿಹಲಗೆಯ ತುಂಬ ಚಾಕ್‌ಪೀಸಿನಲ್ಲಿ ಒಂದು ಮರ ಬರೆದೆ. ನಿಮಗೆ ಗೊತ್ತಿರುವ ಪ್ರಾಣಿಗಳ ಹೆಸರು ಹೇಳಿ, ಕೊಂಬೆ ಕೊಂಬೆಗೆ ಕೂರಿಸೋಣ ಎಂದೆ. ಕುರಿ ಎಂದರು, ತೋಳ ಎಂದರು. ಜಿಂಕೆ, ಉಡ, ನಾಗರಹಾವು, ಕಾಗೆ ಎಲ್ಲ ಬಂದವು. ಒಂದು ಕೊಂಬೆಯ ತುದಿಗೆ ಮನುಷ್ಯ ಎಂದು ಬರೆದಾಗ ಹುಡುಗರು ಕಿಸಕ್ಕನೆ ನಕ್ಕರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ. ಒಂದು ಕೊಂಬೆಗೆ ದೇವರ ಎತ್ತು ಎಂದು ಬರೆದೆ, ಇನ್ನೊಂದಕ್ಕೆ ಕೋಳಿ ಎಂದು ಬರೆದೆ, ಎರಡೂ ಕೊಂಬೆಗಳನ್ನು ಎಳೆದು ತಂದು ಕೆಳಗೆ ಒಂದೇ ಬೊಡ್ಡೆಗೆ ಸೇರಿಸಿದೆ. ತರಗತಿ ತಣ್ಣಗಾಯಿತು. ಪಾಠಕ್ಕೆ ಅದು ಬೇಕಿತ್ತು ಎಂದು ಆಮೇಲೆ ಎಷ್ಟೋ ಜನರ ಮುಂದೆ ವಾದ ಮಾಡಿದ್ದೇನೆ. ನಿಜ ಹೇಳಬೇಕೆಂದರೆ ಪಾಠಕ್ಕಿಂತ ಹೆಚ್ಚಾಗಿ ಅವರನ್ನು ಕೆಣಕುವ ಚಪಲ ಅದು.

ಆ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ತನ್ನ ಹಟ್ಟಿಯಿಂದ ಹತ್ತನೇ ತರಗತಿ ಮುಟ್ಟಿದ ಮೊದಲ ಹೆಣ್ಣುಮಗಳು. ಅವಳಪ್ಪ ಕಿಲಾರಿ. ಹೆಣ್ಣಿಗೆ ಇಷ್ಟು ಓದು ಸಾಕು ಎಂದು ಅಣ್ಣತಮ್ಮಂದಿರೆಲ್ಲ ಹೇಳಿದಾಗ, ಅವಳಿಗೆ ಬೇಡ ಅನ್ನಿಸುವ ತನಕ ಹೋಗಲಿ ಎಂದು ಆತ ಒಂದೇ ಮಾತು ಹೇಳಿ ಕಳಿಸಿದ್ದನಂತೆ. ಮೂರು ಮೈಲಿ ನಡೆದು ಬರುತ್ತಿದ್ದಳು. ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಪ್ರಶ್ನೆ ಕೇಳುವುದು ಅವಳ ಅಭ್ಯಾಸ. ಅವಳು ಕೇಳುವ ಪ್ರಶ್ನೆಗೆ ನಾನು ಎಷ್ಟೋ ಸಲ ನಾಳೆ ಹೇಳ್ತೀನಿ ಎಂದು ತಪ್ಪಿಸಿಕೊಂಡು, ರಾತ್ರಿ ಡಿಗ್ರಿಯ ಹಳೆಯ ಪುಸ್ತಕ ತಿರುವಿ ಹಾಕಿದ್ದುಂಟು. ಅಂಥ ಮಕ್ಕಳು ಒಬ್ಬ ಮೇಷ್ಟ್ರಿಗೆ ಇಡೀ ನೌಕರಿಯಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ.

ಆ ದಿನವೂ ಬಾಗಿಲಲ್ಲಿ ನಿಂತಳು. ಕರಿಹಲಗೆಯ ಮರವನ್ನು ಒಂದು ಗೆರೆ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಳು. ನಮ್ಮ ಎತ್ತಿಗೂ ಕೋಳಿಗೂ ನೆಂಟಸ್ತಿಕೆ ಐತಾ ಎಂದು ಕೇಳಿದಳು. ದೂರದ ನೆಂಟಸ್ತಿಕೆ, ಕೋಟಿಗಟ್ಟಲೆ ವರ್ಷಗಳ ಹಿಂದಿನದು ಎಂದೆ. ನಮಗೂ ಐತಾ ಎಂದಳು. ನಮಗೂ ಇದೆ ಎಂದೆ. ಅವಳಿಗೆ ಸಿಟ್ಟು ಬರಬಹುದು, ಅಳಬಹುದು ಎಂದುಕೊಂಡಿದ್ದವನು ನಾನು. ಅವಳ ಮುಖ ಅರಳಿತು. ಅಷ್ಟು ದೊಡ್ಡ ಬಳಗ ತನಗಿದೆ ಎಂದು ಯಾರೋ ಸುದ್ದಿ ತಂದ ಹಾಗೆ ಖುಷಿಪಟ್ಟಳು.

ಮಾರನೇ ದಿನ ಓಡುತ್ತ ಬಂದು, ಅಪ್ಪನಿಗೂ ಹೇಳಿದೆ ಎಂದಳು. ಏನಂದರು ಎಂದು ಕೇಳಿದೆ. ಅವಳಪ್ಪ ಕಿಲಾರಿಯಾದರೂ ಮನೆತನದ ಕುರಿಹಿಂಡಿಗೆ ಬೀಜದ ಟಗರನ್ನು ಆರಿಸಿ ಕೊಡುವವನು ಅವನೇ. ಕಾಲು ಉದ್ದ, ನೀರಿಲ್ಲದೆ ದೂರ ನಡೆಯಬಲ್ಲದು ಅನ್ನಿಸಿದ್ದನ್ನು ಹಿಂಡಿಗೆ ಇಟ್ಟುಕೊಂಡು ಮಿಕ್ಕ ಗಂಡುಮರಿಗಳನ್ನು ಸಂತೆಗೆ ಹೊಡೆಯುವುದು ಅವರ ರೂಢಿ. ಅಜ್ಜನ ಕಾಲದ ಕುರಿ ಇಷ್ಟು ಎತ್ತರ ಇರಲಿಲ್ಲ ಎಂದು ಅವನು ನೆನಪು ಮಾಡಿಕೊಂಡನಂತೆ. ಆಮೇಲೆ ಹೇಳಿದನಂತೆ: "ಹಂಗಾರೆ ನಾವು ಟಗರು ಆರಿಸ್ದಂಗೆ ಬರಗಾಲಾನೂ ಆರಿಸ್ತಾ ಬಂದೈತೆ."

ಡಿಗ್ರಿಯಲ್ಲಿ ಒಂದು ವರ್ಷವಿಡೀ ಬಾಯಿಪಾಠ ಮಾಡಿದರೂ ನನಗೆ ಇಷ್ಟು ಸಲೀಸಾಗಿ ತಲೆಗೆ ಹೋಗಿರಲಿಲ್ಲ. ಆ ಮನುಷ್ಯನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಬೇಕು ಎಂದುಕೊಂಡೆ. ಸಂಜೆಯ ಬಸ್ಸು ತಪ್ಪೀತು ಎಂದು ಹೋಗಲಿಲ್ಲ.

ಒಂದೂವರೆ ತಿಂಗಳು ಏನೂ ಆಗಲಿಲ್ಲ. ಆಮೇಲೆ ಅವಳ ನೋಟ್‌ಬುಕ್ಕು ಚಿಕ್ಕಪ್ಪನೊಬ್ಬನ ಕೈಗೆ ಸಿಕ್ಕಿತು. ಅವನು ಅದನ್ನು ಹೆದ್ದಾರಿಯ ಪಕ್ಕದ ಊರಿನ ಒಬ್ಬ ಮುಖಂಡರಿಗೆ ತೋರಿಸಿದ. ಮುಖಂಡರು ಹಿಂದಿನ ಚುನಾವಣೆಯಲ್ಲಿ ಸೋತಿದ್ದರು, ಮುಂದಿನದು ಹತ್ತಿರ ಬಂದಿತ್ತು, ಕೈಯಲ್ಲಿ ಹೇಳಿಕೊಳ್ಳುವಂಥ ವಿಷಯವಿರಲಿಲ್ಲ. ಸ್ವತಃ ಅವರು ಹಟ್ಟಿಯವರಲ್ಲ. ಭಾನುವಾರದ ಕೋಳಿಸಾರು ತಪ್ಪಿಸಿದವರೂ ಅಲ್ಲ. ಆದರೂ ದೇವರ ಎತ್ತಿಗೆ ಆದ ಅವಮಾನ ಅವರಿಗೆ ನಿದ್ದೆ ಕೊಡಲಿಲ್ಲ. ಆ ಹುಡುಗಿಯ ದುಂಡಗಿನ ಅಕ್ಷರದ ಮರ ನೂರಾರು ಜೆರಾಕ್ಸ್ ಪ್ರತಿಯಾಗಿ ಹಳ್ಳಿಹಳ್ಳಿಗೆ ಹೋಯಿತು. ಕೆಳಗೆ ಒಂದು ಸಾಲು: ಸರ್ಕಾರಿ ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಕಲಿಸುತ್ತಿರುವುದು ಇದು.

ಲಾರಿಗಳಲ್ಲಿ ಜನರನ್ನು ತುಂಬಿಕೊಂಡು ತಾಲ್ಲೂಕು ಕೇಂದ್ರಕ್ಕೆ ಮೆರವಣಿಗೆ ಹೋದರು. ಮೇಷ್ಟ್ರನ್ನು ಕೆಲಸದಿಂದ ತೆಗೆಯಬೇಕು, ಆ ಪಾಠವನ್ನು ಯಾವ ಸರ್ಕಾರಿ ಶಾಲೆಯಲ್ಲೂ ಮಾಡಕೂಡದು ಎಂದು ಮನವಿ ಕೊಟ್ಟರು. ನಮ್ಮ ಶಾಲೆಯ ಗೇಟಿಗೆ ಎರಡು ದಿನ ಬೀಗ. ಇದನ್ನು ಕೇಳಿ ಎದುರು ಪಕ್ಷದವರಿಗೂ ಹುಮ್ಮಸ್ಸು ಬಂತು. ಚಳ್ಳಕೆರೆಯಲ್ಲಿ ಒಂದು ಸಭೆ ಏರ್ಪಡಿಸಿ, ವೈಚಾರಿಕತೆಯ ಬಗ್ಗೆ ಮಾತಾಡುವವರನ್ನೆಲ್ಲ ಕರೆಸಿ, ನನ್ನನ್ನು ವೇದಿಕೆಗೆ ಹತ್ತಿಸಿ ಹಾರ ಹಾಕಿದರು. ಒಬ್ಬರು ನನ್ನನ್ನು ಧೀರ ಎಂದರು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೇ ದಿನ ಯಾರೋ ಅವರಿಗೆ ಹಟ್ಟಿಗಳ ಓಟು ಎಷ್ಟಿವೆ ಎಂದು ತಿಳಿಸಿ ಹೇಳಿರಬೇಕು. ಆಮೇಲೆ ನಾನು ದಾರಿಯಲ್ಲಿ ಎದುರಾದರೆ ಅವರು ಅಂಗಡಿಯ ಬೋರ್ಡು ಓದುತ್ತ ನಿಂತುಬಿಡುತ್ತಿದ್ದರು.

ಇಲಾಖೆಯ ಸಾಹೇಬರು ನನ್ನನ್ನು ಕರೆಸಿದರು. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದ ದಣಿದ ಮನುಷ್ಯ. ಆ ಪಾಠವನ್ನು ಮಕ್ಕಳೇ ಮನೆಯಲ್ಲಿ ಓದಿಕೊಳ್ಳಲಿ ಎಂದು ಎಲ್ಲ ಶಾಲೆಗೂ ಬಾಯಿಮಾತಿನಲ್ಲಿ ಹೇಳಿಯಾಗಿದೆ, ಕಾಗದದಲ್ಲಿ ಏನೂ ಇರುವುದಿಲ್ಲ ಎಂದರು. ಆಮೇಲೆ ಪಠ್ಯಪುಸ್ತಕ ತೆಗೆದು ನನ್ನ ಮುಂದಿಟ್ಟು, ಇದರಲ್ಲಿ ಎತ್ತೂ ಇಲ್ಲ ಕೋಳಿಯೂ ಇಲ್ಲ, ಹಾಗಾಗಿ ನೀವು ಬರೆದಿಲ್ಲ, ಹುಡುಗಿ ಏನೋ ತಪ್ಪು ತಿಳಿದುಕೊಂಡು ಬರೆದುಕೊಂಡಿದ್ದಾಳೆ ಎಂದರು. ನಾನು ಬಾಯಿ ತೆರೆದೆ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಅನ್ನೋದು ನೆನಪಿರಲಿ ಎಂದು ಅವರು ಮೆಲ್ಲಗೆ ಹೇಳಿದರು. ನನ್ನ ಬಾಯಿ ಮುಚ್ಚಿಕೊಂಡಿತು.

ಇಷ್ಟರಲ್ಲಿ ಹಟ್ಟಿಯಿಂದಲೇ ಒಂದು ಸುದ್ದಿ ಬಂತು. ಹಟ್ಟಿಯ ಹಿರಿಯರು ಮೆರವಣಿಗೆಗೆ ಹೋಗಿರಲಿಲ್ಲ. ತಮ್ಮ ಎತ್ತಿನ ಹೆಸರಿನಲ್ಲಿ ಯಾರೋ ಬಾವುಟ ಹಿಡಿದು ತಿರುಗುವುದು ಅವರಿಗೂ ಹಿಡಿಸಿರಲಿಲ್ಲ. ಅವರು ಹೇಳಿ ಕಳಿಸಿದ್ದು ಸರಳವಾದ ಮಾತು. ಮೇಷ್ಟ್ರು ರೊಪ್ಪಕ್ಕೆ ಬರಲಿ, ಎತ್ತಿನ ಮೇಲೆ ಕೈಯಿಟ್ಟು ಏನು ನಡೆಯಿತು ಅಂತ ಹೇಳಲಿ. ಹೌದಂದರೂ ಸರಿ, ಇಲ್ಲವೆಂದರೂ ಸರಿ, ಅಲ್ಲಿ ಹೇಳಿದ್ದೇ ಕೊನೆ, ಅದರ ಮೇಲೆ ಯಾವ ಮುಖಂಡನ ಮಾತೂ ನಡೆಯುವುದಿಲ್ಲ. ಅವರಲ್ಲಿ ಯಾವ ವ್ಯಾಜ್ಯವನ್ನೂ ಹಾಗೆಯೇ ಮುಗಿಸುವುದು.

ಮಾರನೇ ದಿನ ಬಸ್ಸಿನ ಹಿಂದಿನ ಸೀಟಿನಲ್ಲಿ ನಗೆಯೋ ನಗೆ. ಇದಕ್ಕಿಂತ ಸುಲಭದ ವಿಚಾರಣೆ ಯಾವ ನೌಕರನಿಗಾದರೂ ಸಿಕ್ಕಿದ್ದುಂಟಾ ಎಂದು ಒಬ್ಬ. ನೀನು ದೇಶದ ಪ್ರಧಾನಿ ಅಂತ ಹೇಳಿದರೂ ಎತ್ತು ಬೇಡ ಅನ್ನಲ್ಲ ಎಂದು ಇನ್ನೊಬ್ಬ. ನಾನೂ ನಕ್ಕೆ. ಇಲ್ಲ ಎಂದು ಒಂದು ಮಾತು ಹೇಳಿದರೆ ಕೆಲಸವೂ ಉಳಿಯಿತು, ಗಲಾಟೆಯೂ ನಿಂತಿತು. ಆ ಒಂದು ಮಾತು ಇನ್ನು ಯಾರ ಮೇಲೆ ಹೋಗಿ ಬೀಳುತ್ತದೆ ಎಂದು ನಾವು ಆರೇಳು ಮಂದಿ ಪದವೀಧರರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ನಮಗೆ ಆ ಪ್ರಮಾಣ ಬರೀ ತಮಾಷೆ. ಆ ಹುಡುಗಿಯ ಮಂದಿಗೆ ಅದು ತಮಾಷೆಯಲ್ಲ ಎಂಬುದು ಗೊತ್ತಿದ್ದೂ ನಮಗೆ ಗೊತ್ತಿರಲಿಲ್ಲ.

ಹಟ್ಟಿಗೆ ಹೋದಾಗ ಬಿಸಿಲು ಇನ್ನೂ ಏರಿರಲಿಲ್ಲ. ರೊಪ್ಪದ ಮುಳ್ಳಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಿರಿಯರು ಸಾಲಾಗಿ ನಿಂತಿದ್ದರು. ಮುಖಂಡರ ಕಡೆಯ ಇಬ್ಬರು ಒಂದು ಮೂಲೆಯಲ್ಲಿದ್ದರು. ಹೆಂಗಸರೆಲ್ಲ ಬೇಲಿಯ ಆಚೆ. ಅವರ ನಡುವೆ ಆ ಹುಡುಗಿ ಶಾಲೆಯ ನೀಲಿ ಲಂಗದಲ್ಲೇ ನಿಂತಿದ್ದಳು, ಕೈಯಲ್ಲಿ ನೋಟ್‌ಬುಕ್ಕು. ಅವಳು ಬೇಲಿ ದಾಟಿ ಬರುವಂತಿರಲಿಲ್ಲ. ಅಂದರೆ ನಿಜ ಗೊತ್ತಿದ್ದ ಇಬ್ಬರಲ್ಲಿ ಎತ್ತಿನ ಮೇಲೆ ಕೈಯಿಡುವ ಹಕ್ಕು ನನಗೊಬ್ಬನಿಗೆ ಮಾತ್ರ ಇತ್ತು.

ತರಗತಿಯ ಬೇರೆ ಹುಡುಗರೂ ಮರವನ್ನು ಕಂಡಿದ್ದರಲ್ಲ ಎಂದು ನೀವು ಕೇಳಬಹುದು. ಕಂಡಿದ್ದರು. ಕೋಳಿಯ ಹೆಸರು ಕೇಳಿಯೂ ಸುಮ್ಮನೆ ಕೂತಿದ್ದೆವು ಎಂದು ಮನೆಯಲ್ಲಿ ಒಪ್ಪಿಕೊಳ್ಳಲು ಅವರಿಗೆ ಧೈರ್ಯವಿರಲಿಲ್ಲ. ನಮಗೆ ನೆನಪಿಲ್ಲ ಎಂದುಬಿಟ್ಟಿದ್ದರು.

ಎತ್ತನ್ನು ಹಿಡಿದು ನಿಂತಿದ್ದವನೇ ಅವಳಪ್ಪ. ಅವನನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತೆಳ್ಳಗಿನ ಆಳು, ಹೆಗಲ ಮೇಲೆ ಕರಿ ಕಂಬಳಿ. ನನ್ನನ್ನು ಕಂಡು ಕೈಮುಗಿದ. ನಾನು ಎತ್ತಿನ ಡುಬ್ಬದ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು, ಚರ್ಮ ಒಮ್ಮೆ ಅದುರಿತು. ಹಿರಿಯರಲ್ಲಿ ಒಬ್ಬರು ಕೇಳಿದರು: "ಮೇಷ್ಟ್ರೇ, ನಮ್ಮ ಎತ್ತು ಕೋಳಿ ಎಲ್ಡೂನೂ ಒಂದೇ ಮರದಾಗೆ ನೀವು ಬರೆದಿದ್ದು ಹೌದೋ ಅಲ್ವೋ?"

"ನಾನು ಬರೆದಿಲ್ಲ" ಎಂದೆ.

ಬೇಲಿಯಾಚೆಯಿಂದ ಒಬ್ಬಳು ಮುದುಕಿ ತಮ್ಮ ಮನೆಮಾತಾದ ತೆಲುಗಿನಲ್ಲಿ ನಿಜಮೇನಾ ಎಂದು ಕೇಳಿದಳು. ಹಿರಿಯರು ಅವಳತ್ತ ತಿರುಗಿ, ಎತ್ತಿನ ಮೇಲೆ ಕೈಯಿದ್ದಾಗ ನಿಜಾನಾ ಅಂತ ಕೇಳಬಾರದು ಎಂದು ಗದರಿದರು. ಅಲ್ಲಿಗೆ ಮುಗಿಯಿತು. ಮುಖಂಡರ ಕಡೆಯವರು ಹೊರಟೇಹೋದರು. ಕಿಲಾರಿ ಮಾತ್ರ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಮಾತು ಇನ್ನೂ ಅರ್ಧ ಬಾಕಿಯಿದೆ, ಮೇಷ್ಟ್ರು ಉಳಿದದ್ದನ್ನೂ ಹೇಳುತ್ತಾರೆ ಎಂದು ಕಾಯುವವನ ಹಾಗೆ. ನಾನು ಕೈ ತೆಗೆದುಬಿಟ್ಟೆ. ಹೊರಗೆ ಬಂದಾಗ ಹುಡುಗಿ ನೋಟ್‌ಬುಕ್ಕಿನ ಹಾಳೆ ತೆರೆದು ನೋಡುತ್ತ ನಿಂತಿದ್ದಳು. ಅವಳ ಮುಂದೆ ಹಾದೇ ಚಪ್ಪಲಿ ಹಾಕಿಕೊಂಡೆ.

ನನಗಾಗಿ ಕಾದಿದ್ದ ಹೆಡ್‌ಮಾಸ್ತರರೂ ನಾನೂ ಹೆದ್ದಾರಿಯ ಹೋಟೆಲಿನಲ್ಲಿ ಟೀ ಕುಡಿದೆವು. ಅವರು ನನ್ನ ಬೆನ್ನು ತಟ್ಟಿದರು. ಅಂದು ರಾತ್ರಿ ನನಗೆ ಗಡದ್ದಾಗಿ ನಿದ್ದೆ ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬಂದದ್ದು ನಿಜ.

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಒಂದು ವಾರದ ಮೇಲೆ ಹಟ್ಟಿಯ ಹುಡುಗರಿಂದ ಒಂದೊಂದೇ ವಿಷಯ ತಿಳಿಯಿತು. ನಾನು ಬರೆದಿಲ್ಲ ಎಂದ ಮೇಲೆ ಅವಳೇ ಹುಟ್ಟಿಸಿ ಬರೆದಳು ಎಂದಾಯಿತು. ದೇವರ ಎತ್ತಿನ ವಿಷಯದಲ್ಲಿ ಸುಳ್ಳು ಹುಟ್ಟಿದ ಮನೆಯವನು ಎತ್ತು ಮುಟ್ಟುವಂತಿಲ್ಲ. ಅವಳಪ್ಪನಿಂದ ಕಿಲಾರಿತನ ತೆಗೆದು ಇನ್ನೊಬ್ಬನಿಗೆ ಕೊಟ್ಟರು. ಹನ್ನೆರಡನೇ ವಯಸ್ಸಿನಿಂದ ಅವನು ಆ ಎತ್ತುಗಳ ಜೊತೆಯಲ್ಲೇ ಉಂಡು ಮಲಗಿ ಬದುಕಿದವನು. ಹುಡುಗಿಯನ್ನು ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಅವಳ ಓದು ನಿಂತಿತು, ಅಷ್ಟೇ.

ಪರೀಕ್ಷೆಗೆ ಕೆಲವೇ ದಿನ ಇದ್ದಾಗ ಅವಳ ಹಾಲ್‌ಟಿಕೆಟ್ ಹಿಡಿದುಕೊಂಡು ಹೋದೆ. ಹಟ್ಟಿಯೊಳಗೆ ಹೋಗುವ ಧೈರ್ಯವಾಗಲಿಲ್ಲ. ಅವಳಪ್ಪ ದಾರಿಯ ಮಗ್ಗುಲ ಶೇಂಗಾ ಹೊಲದಲ್ಲಿ ಯಾರದೋ ಕೂಲಿಗೆ ಬದು ಹಾಕುತ್ತಿದ್ದ. ಕಾಲಲ್ಲಿ ಚಪ್ಪಲಿಯಿತ್ತು. ಹೊಸ ಚಪ್ಪಲಿ ಅವನ ಹಿಮ್ಮಡಿಯನ್ನು ಕಚ್ಚಿ ಗಾಯ ಮಾಡಿತ್ತು. ಅದನ್ನು ನೋಡಿದ ಕೂಡಲೇ ನನಗೆ ಅಳು ಬಂತು. ಹಾಲ್‌ಟಿಕೆಟ್ ಕೊಡಲು ಹೋದೆ, ಅವನು ಕೈ ಚಾಚಲಿಲ್ಲ. ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗವಳೆ, ಮಾತು ಕಮ್ಮಿ ಆಗೈತೆ ಎಂದ. ನಾನು ಅಲ್ಲೇ ಬದುವಿನ ಮೇಲೆ ಕೂತು, ಅವಳು ಹೇಳಿದ್ದೇ ನಿಜ, ಬರೆದವನು ನಾನೇ, ಸುಳ್ಳು ಹೇಳಿದೆ ಎಂದು ಹೇಳಿಬಿಟ್ಟೆ. ಅವನು ಸನಿಕೆ ಕೆಳಗಿಟ್ಟ.

"ನಂಗೆ ಸಿಟ್ಟು ಇರ್ಲಿಲ್ಲ ಸ್ವಾಮೇರಾ. ನಾನು ಟಗರು ಆರಿಸೋನು, ನೀವು ಹೇಳ್ಕೊಟ್ಟಿದ್ದು ನಂಗೆ ಅವತ್ತೇ ತಿಳೀತು. ನೀವು ಹೌದು ಅಂದಿದ್ರೆ ಒಂದು ತೆಂಗಿನಕಾಯಿ ಒಡ್ಸಿ, ತಪ್ಪುಕಾಣಿಕೆ ಕಟ್ಟಿಸ್ಕೊಂಡು ಬಿಡ್ತಿದ್ರು. ನಾನೇ ಮುಂದೆ ನಿಂತು ಬಿಡಿಸ್ತಿದ್ದೆ. ಈಗ ಮಗಳನ್ನ ನಂಬಿದ್ರೆ ಎತ್ತು ಸುಳ್ಳಾಗ್ತದೆ, ಎತ್ತು ನಂಬಿದ್ರೆ ಮಗಳು ಸುಳ್ಳಾಗ್ತಾಳೆ. ನಾನು ಯಾರನ್ನ ಬಿಡ್ಲಿ?"

ಅವನು ಸನಿಕೆ ಎತ್ತಿಕೊಂಡ.

"ಇಲ್ಲಿ ಹೇಳಿದ್ರೆ ಏನ್ ಬಂತು. ಅಲ್ಲಿ ಬಂದು ಹೇಳ್ರಿ."

ಬರ್ತೀನಿ ಎಂದೆ. ಸೋಮವಾರ ಬರ್ತೀನಿ ಎಂದು ದಿನವನ್ನೂ ಹೇಳಿದೆ. ಭಾನುವಾರ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು, ಸುಳ್ಳು ಪ್ರಮಾಣ ಅಂತ ಗೊತ್ತಾದರೆ ನಿನ್ನನ್ನ ಜೀವಂತ ಬಿಡ್ತಾರಾ ಎಂದು ಗೋಳಾಡಿದಳು. ಯಾರೂ ಏನೂ ಮಾಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಅವಳ ಭಯ ನನಗೆ ಅನುಕೂಲವಾಯಿತು. ಸೋಮವಾರ ರಜೆ ಹಾಕಿದೆ. ಆಮೇಲೆ ಪರೀಕ್ಷೆ ಬಂತು, ಅವಳ ನಂಬರಿನ ಬೆಂಚು ಆರು ದಿನವೂ ಖಾಲಿಯಿತ್ತು. ಜೂನಿನಲ್ಲಿ ಚಳ್ಳಕೆರೆಯ ಪಕ್ಕಕ್ಕೇ ವರ್ಗ ಮಾಡಿಸಿಕೊಂಡೆ.

ಮುಖಂಡರು ಆ ಚುನಾವಣೆಯಲ್ಲೂ ಸೋತರು. ಅವರು ಮತ್ತೆ ಎತ್ತಿನ ಸುದ್ದಿ ಎತ್ತಲಿಲ್ಲ. ಪಾಠ ಪುಸ್ತಕದಲ್ಲಿ ಹಾಗೇ ಇತ್ತು. ಪ್ರತಿವರ್ಷ ಅದು ಬಂದಾಗ ನಾನು, ಇದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಹೊಸ ಶಾಲೆಯಲ್ಲಿ ಹಾಗೆ ಮಾಡು ಎಂದು ನನಗೆ ಯಾವ ಸಾಹೇಬರೂ ಹೇಳಿರಲಿಲ್ಲ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿದ್ದಾಗ ಕುದಾಪುರದ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬರುತ್ತವೆ ಎಂಬ ಸುದ್ದಿ ಊರತುಂಬ ಹಬ್ಬಿತ್ತು. ಚಳ್ಳಕೆರೆಯ ಟೀ ಅಂಗಡಿಯವನ ಬಾಯಲ್ಲೂ ವಿಜ್ಞಾನವೇ. ಒಂದು ಶನಿವಾರ ಮಧ್ಯಾಹ್ನ ಆ ದಾರಿಯಲ್ಲಿ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತು. ಕೆಳಗಿಳಿದು ಒಂದು ಜಾಲಿ ಮರದ ನೆರಳಿಗೆ ಹೋದೆ. ಅಲ್ಲಿ ಕಟ್ಟಡದ ಕೂಲಿ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವರಲ್ಲಿ ಒಬ್ಬಳು ಎದ್ದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಸಾರ್ ಎಂದಳು.

ಗುರುತು ಹಿಡಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಪಕ್ಕದಲ್ಲಿ ಯೂನಿಫಾರಂ ತೊಟ್ಟ ಮಗಳಿದ್ದಳು, ಎಂಟನೇ ತರಗತಿಯಂತೆ, ಅರ್ಧದಿನದ ಶಾಲೆ ಮುಗಿಸಿ ತಾಯಿಯ ಹತ್ತಿರ ಬಂದಿದ್ದಳು. ಅಪ್ಪ ಹೋಗಿ ಆರು ವರ್ಷ ಆತು ಎಂದಳು. ಮತ್ತೆ ಎತ್ತು ಕೊಟ್ಟರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಬದುವಿನ ಮೇಲೆ ನಾನು ಆಡಿದ ಮಾತನ್ನು ಅವನು ಮನೆಯಲ್ಲಿ ಹೇಳಿರಲೇ ಇಲ್ಲ ಎಂಬುದು ಅವಳು ನನ್ನ ಜೊತೆ ಅಷ್ಟು ಗೌರವದಿಂದ ಮಾತಾಡುವ ರೀತಿಯಲ್ಲೇ ಗೊತ್ತಾಯಿತು. ನಾನು ಬಂದು ಅಲ್ಲಿ ಹೇಳಲಿ ಎಂದು ಕಾದಿದ್ದನೋ, ಎತ್ತನ್ನೇ ಉಳಿಸಿಕೊಂಡನೋ, ನನಗೆ ತಿಳಿಯದು.

ಮಗಳು ಚೆನ್ನಾಗಿ ಓದುತ್ತಾಳಾ ಎಂದೆ. ಓದ್ತಾಳೆ ಸಾರ್, ಪುಣ್ಯಕ್ಕೆ ನನ್ನಂಗಿಲ್ಲ ಎಂದು ನಕ್ಕಳು. ಲೆಕ್ಕ ಹೇಳಿಕೊಡು, ಪಾಠ ಹೇಳಿಕೊಡು ಅಂತ ನನ್ನ ಹತ್ರ ಬರ್ತಿದ್ಲು, ನಂಗೆ ಪಾಠ ಕೇಳಿದ್ರೆ ಒಂದು ಹೋಗಿ ಇನ್ನೊಂದು ತಿಳೀತದೆ, ನನ್ನ ಕೇಳಬ್ಯಾಡ ಅಂದುಬಿಟ್ಟೆ ಎಂದಳು. ಇದನ್ನು ಅವಳು ಯಾವ ಕೊಂಕೂ ಇಲ್ಲದೆ, ತನ್ನ ಎತ್ತರ ಬಣ್ಣಗಳ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳಿದಳು. ಇಷ್ಟು ವರ್ಷ ಅವಳು ನನ್ನನ್ನು ಶಪಿಸುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳು ನನ್ನನ್ನು ನಂಬಿದ್ದಳು. ನನ್ನನ್ನು ನಂಬಿ ತನ್ನನ್ನು ಬಿಟ್ಟುಕೊಟ್ಟಿದ್ದಳು.

ನಾನು ಹೇಳಿದೆ. ಆ ಮರ ನಾನೇ ಬರೆದದ್ದು, ಎತ್ತನ್ನೂ ಕೋಳಿಯನ್ನೂ ನಾನೇ ಕೂರಿಸಿದ್ದು, ನೀನು ಒಂದು ಗೆರೆಯನ್ನೂ ತಪ್ಪಿ ಬರೆದಿರಲಿಲ್ಲ ಎಂದೆ.

"ನೀವು ಎತ್ತಿನ ಮ್ಯಾಲೆ ಕೈ ಇಟ್ಟಿದ್ರಲ್ಲ ಸಾರ್" ಎಂದಳು.

ಇಟ್ಟು ಸುಳ್ಳು ಹೇಳಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಬರಲಿ, ಉಗಿಯಲಿ ಎಂದು ನಾನು ನಿಜವಾಗಿಯೂ ಬೇಡಿಕೊಂಡೆ. ಉಳಿದ ಹೆಂಗಸರು ಉಣ್ಣುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಆ ಪಾಠ ನಿಜಾನಾ ಎಂದು. ನಿಜ, ನೀನು ಅಪ್ಪನಿಗೆ ಹೇಳಿದ್ದೆಲ್ಲ ನಿಜ ಎಂದೆ. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಇಲ್ಲ, ನನ್ನ ಕಡೆ ಮತ್ತೆ ನೋಡಲೂ ಇಲ್ಲ. ಮಗಳ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ಕೇಳ್ದೇನೇ? ನಂಗೆ ಪಾಠ ಸರಿಯಾಗೇ ತಿಳಿದಿತ್ತಂತೆ."